ಚೆಂಡಿಲ್ಲದ 87 ನಿಮಿಷ

2011ರ ಮಾರ್ಚ್ 6ರಂದು ಆನ್‌ಫೀಲ್ಡ್‌ನಲ್ಲಿ ಲಿವರ್‌ಪೂಲ್ ತಂಡ ಮ್ಯಾಂಚೆಸ್ಟರ್ ಯುನೈಟೆಡ್ ತಂಡವನ್ನು 3–1ರಿಂದ ಮಣಿಸಿತು. ಮೂರೂ ಗೋಲು ಒಬ್ಬನವೇ, ಹಾಲೆಂಡಿನ ಡಿರ್ಕ್ ಕಾಯ್ಟ್‌ನವು. ಯುನೈಟೆಡ್ ವಿರುದ್ಧ ಲಿವರ್‌ಪೂಲ್ ಆಟಗಾರನೊಬ್ಬ ಹ್ಯಾಟ್ರಿಕ್ ಹೊಡೆದದ್ದು 1990ರಲ್ಲಿ ಪೀಟರ್ ಬಿಯರ್ಡ್ಸ್‌ಲಿ ಹೊಡೆದ ಮೇಲೆ ಅದೇ ಮೊದಲು. ಈ ಎರಡು ಊರುಗಳ ಹಗೆ ಎಂಥದ್ದೆಂದು ಫುಟ್‌ಬಾಲ್ ನೋಡುವವರಿಗೆ ಹೇಳಬೇಕಾಗಿಲ್ಲ. ಅಂಥ ಎದುರಾಳಿಗೆ ಮೂರು ಗೋಲು ಹೊಡೆದವನ ಹೆಸರೇ ಆ ಪಂದ್ಯಕ್ಕೆ ಅಂಟಿಕೊಳ್ಳಬೇಕಿತ್ತು. ಹಾಗಾಗಲಿಲ್ಲ. ಇವತ್ತಿಗೂ ಆ ಪಂದ್ಯದ ಮಾತೆತ್ತಿದರೆ ಮೊದಲು ಬರುವ ಹೆಸರು ಲೂಯಿಸ್ ಸ್ವಾರೆಸ್‌ನದು.

ಅದಕ್ಕೆ ಕಾರಣವೂ ಇದೆ. ಸ್ವಾರೆಸ್ ಲಿವರ್‌ಪೂಲ್‌ಗೆ ಬಂದು ಐದು ವಾರವೂ ಸರಿಯಾಗಿ ಆಗಿರಲಿಲ್ಲ. ಪೆನಾಲ್ಟಿ ಬಾಕ್ಸಿನ ಎಡಮೂಲೆಯಿಂದ ನುಗ್ಗಿ, ಇಕ್ಕಟ್ಟಿನಲ್ಲಿ ಒಬ್ಬರ ಮೇಲೊಬ್ಬರಂತೆ ಬಂದ ಯುನೈಟೆಡ್ ಡಿಫೆಂಡರ್‌ಗಳನ್ನು ಕಾಲ್ಚಳಕದಿಂದ ದಾಟಿ, ಗೋಲ್‌ಕೀಪರ್ ವಾನ್ ಡರ್ ಸಾರ್‌ನನ್ನೂ ಯಾಮಾರಿಸಿ ಚೆಂಡನ್ನು ಗೋಲಿನತ್ತ ತಳ್ಳಿದ. ಅದು ಗೆರೆಯ ಹತ್ತಿರ ಉರುಳುತ್ತಿದ್ದಾಗ ಕಾಯ್ಟ್ ಕಾಲು ತಾಗಿಸಿದ. ಎರಡನೆಯ ಗೋಲು ಯುನೈಟೆಡ್‌ನ ನಾನಿ ಮಾಡಿದ ಎಡವಟ್ಟು. ತನ್ನದೇ ಗೋಲಿನ ಕಡೆಗೆ ಹಿಂದಕ್ಕೆ ತಲೆಯಿಂದ ಹೊಡೆದ ಚೆಂಡು ನೇರ ಕಾಯ್ಟ್ ತಲೆಗೇ ಬಂತು. ಮೂರನೆಯದರಲ್ಲಿ ಸ್ವಾರೆಸ್‌ನ ಫ್ರೀಕಿಕ್ಕನ್ನು ವಾನ್ ಡರ್ ಸಾರ್ ಕೈಯಲ್ಲಿ ಹಿಡಿಯಲಾಗದೆ ಬಿಟ್ಟ, ಕಾಯ್ಟ್ ಒಳಕ್ಕೆ ತಳ್ಳಿದ. ಮೂರು ಗೋಲಿನ ದೂರವನ್ನು ಕೂಡಿಸಿದರೂ ಹತ್ತು ಗಜ ದಾಟಲಿಕ್ಕಿಲ್ಲ.

ಪುಕ್ಕಟೆ ಗೋಲುಗಳು ಎಂದು ಆಗ ನಕ್ಕವರಿದ್ದರು. ಹತ್ತಿರದಿಂದ ಯಾರು ಬೇಕಾದರೂ ತಳ್ಳಬಹುದು, ನಿಜ. ಆದರೆ ಹಾಗೆ ತಳ್ಳಲು ಮೊದಲು ಹತ್ತಿರದಲ್ಲಿರಬೇಕು. ಗೋಲ್‌ಕೀಪರ್ ಚೆಂಡು ಬಿಡುತ್ತಾನೆಂದು ಯಾರಿಗೂ ಮೊದಲೇ ಗೊತ್ತಿರುವುದಿಲ್ಲ. ನೂರು ಸಲ ಓಡಿದರೆ ತೊಂಬತ್ತೈದು ಸಲ ಆತ ಹಿಡಿದೇ ಹಿಡಿಯುತ್ತಾನೆ. ಓಡಿದವನು ಸುಮ್ಮನೆ ತಿರುಗಿ ಬರಬೇಕು. ಹೆಚ್ಚಿನ ಫಾರ್ವರ್ಡ್‌ಗಳು ಈ ಲೆಕ್ಕ ನೋಡಿಯೇ ಓಡುವುದನ್ನು ಬಿಡುತ್ತಾರೆ. ಕಾಯ್ಟ್ ಬಿಡುತ್ತಿರಲಿಲ್ಲ. ಅಂದು ಬಾಕ್ಸಿನಲ್ಲಿ ಕೆಂಪಂಗಿಯವರು ಬೇರೆಯವರೂ ಇದ್ದರು, ಮೂರು ಸಲವೂ ಸರಿಯಾದ ಜಾಗದಲ್ಲಿದ್ದವನು ಅವನೊಬ್ಬನೇ. ಇದನ್ನು ಅದೃಷ್ಟ ಅನ್ನಲು ನನ್ನ ಮನಸ್ಸು ಒಪ್ಪುವುದಿಲ್ಲ.

ಕಾಯ್ಟ್ ಹುಟ್ಟಿದ್ದು 1980ರಲ್ಲಿ, ಹಾಲೆಂಡಿನ ಪಶ್ಚಿಮ ಕಡಲಂಚಿನ ಕಾಟ್‌ವೈಕ್ ಎಂಬಲ್ಲಿ. ಮೀನುಗಾರರ ಊರು, ಅಪ್ಪನದೂ ಅದೇ ಕಸುಬು. ಅಲ್ಲಿಯ ಕ್ವಿಕ್ ಬಾಯ್ಸ್ ಎಂಬ ಹವ್ಯಾಸಿ ಕ್ಲಬ್ಬಿನಲ್ಲಿ ಆಡಿ ಬೆಳೆದ ಹುಡುಗನನ್ನು 1998ರಲ್ಲಿ ಉಟ್ರೆಕ್ಟ್ ತಂಡ ಕರೆದುಕೊಂಡಿತು. ಐದು ವರ್ಷ ಅಲ್ಲಿ, 2003ರಲ್ಲಿ ಫೆಯನೂರ್ಡ್ ತಂಡವನ್ನೇ ಫೈನಲ್‌ನಲ್ಲಿ ಸೋಲಿಸಿ ಡಚ್ ಕಪ್ ಗೆದ್ದದ್ದು, ಆಮೇಲೆ ಅದೇ ಫೆಯನೂರ್ಡ್‌ಗೆ ಹೋದದ್ದು. ಅಲ್ಲಿ ಮೂರು ವರ್ಷಗಳಲ್ಲಿ 101 ಲೀಗ್ ಪಂದ್ಯಗಳಿಂದ 71 ಗೋಲು. 2004–05ರಲ್ಲಿ 29 ಗೋಲು ಹೊಡೆದು ಡಚ್ ಲೀಗ್‌ನ ಅಗ್ರ ಸ್ಕೋರರ್ ಆದ. ಹಾಲೆಂಡಿನಲ್ಲಿದ್ದಾಗ ಸುಮಾರು ಐದು ವರ್ಷ ಒಂದೇ ಒಂದು ಲೀಗ್ ಪಂದ್ಯವನ್ನೂ ತಪ್ಪಿಸಿಕೊಂಡವನಲ್ಲ. 2006ರ ಆಗಸ್ಟ್‌ನಲ್ಲಿ ಲಿವರ್‌ಪೂಲ್ ಅವನನ್ನು ಕೊಂಡಿತು.

ಲಿವರ್‌ಪೂಲ್‌ನಲ್ಲಿ ಆರು ಋತು, ಎಲ್ಲ ಸ್ಪರ್ಧೆಗಳೂ ಸೇರಿ 285 ಪಂದ್ಯ, ಮತ್ತೆ 71 ಗೋಲು. ಗೋಲು ಅಷ್ಟೇ, ಪಂದ್ಯ ಹೆಚ್ಚುಕಡಿಮೆ ಮೂರು ಪಟ್ಟು. ಅಂಕಿ ಅಂಶವನ್ನಷ್ಟೇ ನೋಡುವವನು ಇದನ್ನು ಇಳಿಜಾರು ಎಂದು ಓದುತ್ತಾನೆ. ಆನ್‌ಫೀಲ್ಡ್‌ನ ಕಾಪ್ ಎಂಬ ಆ ಸ್ಟ್ಯಾಂಡಿನಲ್ಲಿ ಕೂತವರು ಹಾಗೆ ಓದಲಿಲ್ಲ. ಅವರಿಗೆ ಇವನು ಮನೆಮಗನಾದ. ಏಕೆ ಎಂಬುದೇ ಇಲ್ಲಿ ನೋಡಬೇಕಾದ್ದು.

ಡಚ್ಚರ ಫುಟ್‌ಬಾಲ್‌ಗೆ ಗುರುಸ್ಥಾನದಲ್ಲಿದ್ದ ಯೋಹಾನ್ ಕ್ರೈಫ್ ಒಂದು ಲೆಕ್ಕ ಹೇಳುತ್ತಿದ್ದ. 90 ನಿಮಿಷದ ಆಟದಲ್ಲಿ ಒಬ್ಬ ಆಟಗಾರನ ಕಾಲಲ್ಲಿ ಚೆಂಡು ಇರುವುದು ಹೆಚ್ಚೆಂದರೆ ಮೂರು ನಿಮಿಷ. ಉಳಿದ 87 ನಿಮಿಷ ಆತ ಏನು ಮಾಡುತ್ತಾನೆ ಎಂಬುದರ ಮೇಲೆ ಆತ ಒಳ್ಳೆಯ ಆಟಗಾರ ಹೌದೋ ಅಲ್ಲವೋ ತೀರ್ಮಾನವಾಗುತ್ತದೆ. ಮಾತು ಎಲ್ಲರಿಗೂ ಗೊತ್ತು, ಆದರೆ ನೋಡುವಾಗ ನೆನಪಿಗೆ ಬರುವುದಿಲ್ಲ. ನಾವು ಆಟಗಾರರಿಗೆ ಅಂಕ ಕೊಡುವುದು ಆ ಮೂರು ನಿಮಿಷದ ಮೇಲೆಯೇ. ಇದರಲ್ಲಿ ಟಿ.ವಿ.ಯ ಪಾಲು ದೊಡ್ಡದು. ಟಿ.ವಿ. ಕ್ಯಾಮೆರಾ ಚೆಂಡಿನ ಬೆನ್ನು ಬಿಡುವುದಿಲ್ಲ. ಚೆಂಡಿನ ಸುತ್ತ ಮೈದಾನದ ಒಂದು ತುಂಡು ಕಾಣುತ್ತದೆ, ಉಳಿದದ್ದು ಚೌಕಟ್ಟಿನ ಹೊರಗೆ. ಚೆಂಡು ಎಡಬದಿಯಲ್ಲಿ ಮುಂದೆ ಹೋಗಿ ಎದುರಾಳಿಯ ಕಾಲಿಗೆ ಸಿಕ್ಕಿತು ಅನ್ನಿ. ಆ ಕ್ಷಣದಲ್ಲಿ ಬಲಬದಿಯ ಫಾರ್ವರ್ಡ್ ಸೊಂಟದ ಮೇಲೆ ಕೈಯಿಟ್ಟು ನಿಂತನೋ, ನಲವತ್ತು ಗಜ ಹಿಂದಕ್ಕೆ ಓಡಿ ತನ್ನ ಫುಲ್ ಬ್ಯಾಕ್ ಪಕ್ಕ ಬಂದು ನಿಂತನೋ ನಮಗೆ ಕಾಣುವುದೇ ಇಲ್ಲ. ಕಾಣುವುದು ಫಲ ಮಾತ್ರ. ಎದುರಾಳಿ ಆ ಕಡೆಗೆ ಪಾಸ್ ಕೊಡಲು ತಲೆ ಎತ್ತುತ್ತಾನೆ, ದಾರಿಯಿಲ್ಲ ಎಂದು ಹಿಂದಕ್ಕೆ ಆಡುತ್ತಾನೆ. ದಾರಿ ಏಕಿರಲಿಲ್ಲ ಎಂದು ನಾವು ಕೇಳುವುದಿಲ್ಲ.

ಸ್ಟ್ಯಾಂಡಿನಲ್ಲಿ ಕೂತವನಿಗೆ ಈ ತೊಂದರೆ ಇಲ್ಲ. ಇಡೀ ಮೈದಾನ ಅವನ ಕಣ್ಣ ಮುಂದಿರುತ್ತದೆ. ಬೇಕೆಂದರೆ ಚೆಂಡನ್ನು ಬಿಟ್ಟು ಒಬ್ಬನನ್ನೇ ಹತ್ತು ನಿಮಿಷ ನೋಡಬಹುದು. ನಮ್ಮ ಕಂಠೀರವ ಕ್ರೀಡಾಂಗಣದಲ್ಲಿ ಬೆಂಗಳೂರು ಎಫ್‌ಸಿ ಪಂದ್ಯ ನೋಡಿದವರಿಗೂ ಇದು ಗೊತ್ತಿರುತ್ತದೆ. ನಡುವೆ ಓಟದ ಟ್ರ್ಯಾಕ್ ಇರುವುದರಿಂದ ಆಟ ಕೊಂಚ ದೂರವೇ, ಮುಖಗಳು ಸ್ಪಷ್ಟವಾಗಿ ಕಾಣುವುದಿಲ್ಲ. ಆದರೆ ಸುನಿಲ್ ಚೆಟ್ರಿ ಚೆಂಡು ಕಳೆದುಕೊಂಡ ಮೇಲೆ ಎಲ್ಲಿಗೆ ಹೋಗುತ್ತಾನೆ, ಯಾರ ದಾರಿಗೆ ಅಡ್ಡ ನಿಲ್ಲುತ್ತಾನೆ ಎಂಬುದು ಮನೆಯ ಸೋಫಾಗಿಂತ ಅಲ್ಲಿ ಚೆನ್ನಾಗಿ ತಿಳಿಯುತ್ತದೆ. ಕಾಯ್ಟ್‌ನ ವಿಷಯದಲ್ಲಿ ಸ್ಟ್ಯಾಂಡಿನ ಅಭಿಪ್ರಾಯಕ್ಕೂ ಟಿ.ವಿ. ಮುಂದಿನವರ ಅಭಿಪ್ರಾಯಕ್ಕೂ ಇದ್ದ ಅಂತರ ಇಲ್ಲಿಂದಲೇ ಹುಟ್ಟಿದ್ದು ಎಂದು ನನ್ನ ನಂಬಿಕೆ. ಬೆಂಗಳೂರಿನಲ್ಲಿ, ಮಂಗಳೂರಿನಲ್ಲಿ ಕೂತು ಲಿವರ್‌ಪೂಲ್ ನೋಡಿ ಬೆಳೆದ ನಮ್ಮಂಥವರು ಅವನನ್ನು ಬೈದದ್ದೇ ಹೆಚ್ಚು.

ಬೈಯಲು ಆಸ್ಪದವೂ ಇತ್ತು, ಸುಮ್ಮನೆ ಹೊಗಳಿ ಪ್ರಯೋಜನವಿಲ್ಲ. ಕಾಯ್ಟ್‌ನ ಮೊದಲ ಸ್ಪರ್ಶ ಒರಟು. ಪಾಸ್ ಬಂದರೆ ಗೋಡೆಗೆ ಬಡಿದಂತೆ ಚೆಂಡು ಎರಡು ಗಜ ಆಚೆ ಪುಟಿಯುತ್ತಿತ್ತು. ವೇಗ ಸಾಧಾರಣ. ಡಿಫೆಂಡರ್ ಎದುರು ನಿಂತರೆ ಅವನನ್ನು ದಾಟಿ ಹೋಗುವ ಚಳಕ ಇರಲಿಲ್ಲ. 2007ರಲ್ಲಿ ಫರ್ನಾಂಡೊ ಟೊರೆಸ್ ಬಂದ ಮೇಲಂತೂ ಹೋಲಿಕೆ ತಪ್ಪಿದ್ದಲ್ಲ. ಟೊರೆಸ್ ಮೊದಲ ಋತುವಿನಲ್ಲೇ ಲೀಗ್‌ನಲ್ಲಿ 24 ಗೋಲು ಹೊಡೆದ. ಅದೇ ಋತುವಿನಲ್ಲಿ ಕಾಯ್ಟ್‌ನ ಲೀಗ್ ಗೋಲು ಮೂರೇ ಮೂರು. ಸ್ಟ್ರೈಕರ್ ಎಂದು ದುಡ್ಡು ಕೊಟ್ಟು ತಂದವನು ವರ್ಷಕ್ಕೆ ಮೂರು ಗೋಲು ಹೊಡೆದರೆ ಯಾರು ಸುಮ್ಮನಿರುತ್ತಾರೆ?

ಆದರೆ ಅದೇ 2007–08ರಲ್ಲಿ ಅರ್ಹತಾ ಸುತ್ತೂ ಸೇರಿ ಚಾಂಪಿಯನ್ಸ್ ಲೀಗ್‌ನಲ್ಲಿ ಅವನ ಗೋಲು ಏಳು. ಮಾರ್ಸೆಯಲ್ಲಿ ಒಂದು, ಪೋರ್ಟೊದಲ್ಲಿ ಒಂದು. ಇಂಟರ್ ಮಿಲಾನ್ ವಿರುದ್ಧ ಆನ್‌ಫೀಲ್ಡ್‌ನಲ್ಲಿ 85ನೇ ನಿಮಿಷದವರೆಗೂ ಗೋಲಿಲ್ಲ, ಬಾಗಿಲು ತೆರೆದವನು ಕಾಯ್ಟ್. ಕ್ವಾರ್ಟರ್ ಫೈನಲ್‌ನಲ್ಲಿ ಆರ್ಸೆನಲ್ ಮೈದಾನದಲ್ಲಿ ಸಮಬಲದ ಗೋಲು ಅವನದು. ಸೆಮಿಫೈನಲ್‌ನಲ್ಲಿ ಚೆಲ್ಸಿ ವಿರುದ್ಧ ಮೊದಲ ಗೋಲೂ ಅವನದೇ. ಅದರ ಹಿಂದಿನ ವರ್ಷ ಅಥೆನ್ಸ್‌ನಲ್ಲಿ ನಡೆದ ಫೈನಲ್‌ನಲ್ಲಿ ಎ.ಸಿ. ಮಿಲಾನ್ ವಿರುದ್ಧ 2–1ರಿಂದ ಸೋತಾಗ ಲಿವರ್‌ಪೂಲ್‌ನ ಆ ಒಂದು ಗೋಲು ಹೊಡೆದವನೂ ಇವನೇ, 89ನೇ ನಿಮಿಷದಲ್ಲಿ. ಸಣ್ಣ ಪಂದ್ಯದಲ್ಲಿ ಕಾಣೆಯಾಗಿ ದೊಡ್ಡ ಪಂದ್ಯದಲ್ಲಿ ಪ್ರತ್ಯಕ್ಷನಾಗುವುದು ವಿಚಿತ್ರವಾಗಿ ತೋರಬಹುದು. ಕಾರಣ ಸರಳವಾಗಿದೆ. ಸಣ್ಣ ತಂಡಗಳು ಬಾಗಿಲು ಹಾಕಿಕೊಂಡು ತಮ್ಮ ಬಾಕ್ಸಿನೊಳಗೇ ಕೂರುತ್ತವೆ. ಅಲ್ಲಿ ಬೇಕಾದದ್ದು ಕಾಲ್ಚಳಕ, ಕಾಯ್ಟ್‌ನಲ್ಲಿ ಕಮ್ಮಿಯಿದ್ದದ್ದೂ ಅದೇ. ದೊಡ್ಡ ತಂಡಗಳು ಮುಂದೆ ಬಂದು ಆಡುತ್ತವೆ, ಹಿಂದೆ ಜಾಗ ಬಿಡುತ್ತವೆ, ಚೆಂಡು ಕೈ ಬದಲಾಗುತ್ತಲೇ ಇರುತ್ತದೆ. ದಣಿದ ಡಿಫೆಂಡರ್ ಒಂದು ಹೆಜ್ಜೆ ತಡವಾಗಿ ತಿರುಗುವುದು ಅಲ್ಲಿಯೇ, ದಣಿಯದವನಿಗೆ ಬೆಲೆ ಬರುವುದೂ ಅಲ್ಲಿಯೇ.

ಕಾಯ್ಟ್‌ನನ್ನು ಸ್ಟ್ರೈಕರ್ ಜಾಗದಿಂದ ಬದಿಗೆ ಸರಿಸಿದವನು ಕೋಚ್ ರಫಾ ಬೆನಿಟೆಸ್. ನಡುವಿನ ಸ್ಟ್ರೈಕರ್ ಜಾಗ ಟೊರೆಸ್‌ಗೆ ಹೋಯಿತು, ಅವನ ಬೆನ್ನಿಗೆ ಸ್ಟೀವನ್ ಜೆರಾರ್ಡ್, ಕಾಯ್ಟ್ ಬಲಬದಿಗೆ. ಸ್ಟ್ರೈಕರ್ ಒಬ್ಬನನ್ನು ಅಂಚಿಗೆ ತಳ್ಳಿದರೆ ಸಾಮಾನ್ಯವಾಗಿ ಆತ ಮುನಿಸಿಕೊಳ್ಳುತ್ತಾನೆ, ಏಜೆಂಟ್ ಪತ್ರಿಕೆಯವರಿಗೆ ಫೋನು ಮಾಡುತ್ತಾನೆ. ಕಾಯ್ಟ್ ಆ ಅಂಚನ್ನೇ ತನ್ನದಾಗಿಸಿಕೊಂಡ. ಅಲ್ಲಿ ಅವನ ಕೆಲಸ ಏನು ಎಂಬುದನ್ನು ಸ್ವಲ್ಪ ಬಿಡಿಸಿ ನೋಡೋಣ.

ಎದುರಾಳಿಯ ಗೋಲ್‌ಕೀಪರ್ ಚೆಂಡನ್ನು ತನ್ನ ಎಡ ಫುಲ್ ಬ್ಯಾಕ್‌ಗೆ ಉರುಳಿಸುತ್ತಾನೆ. ಕಾಯ್ಟ್ ಓಡುತ್ತಾನೆ, ಆದರೆ ನೇರಕ್ಕೆ ಓಡುವುದಿಲ್ಲ. ನೇರ ಓಡಿದರೆ ಎದುರಾಳಿಗೆ ಎರಡು ದಾರಿ ಉಳಿಯುತ್ತವೆ, ಒಳಕ್ಕೊಂದು ಹೊರಕ್ಕೊಂದು. ಆದ್ದರಿಂದ ಕೊಂಚ ಒಳಗಿನಿಂದ ಬಾಗಿದ ಗೆರೆಯಲ್ಲಿ ಓಡಿಬರುತ್ತಾನೆ. ಮಧ್ಯಕ್ಕೆ ಕೊಡುವ ಪಾಸು ಅವನ ಮೈಯ ಹಿಂದೆ ಮರೆಯಾಗುತ್ತದೆ. ಫುಲ್ ಬ್ಯಾಕ್‌ಗೆ ಉಳಿದದ್ದು ಪಕ್ಕದ ಗೆರೆಯುದ್ದಕ್ಕೂ ಉದ್ದ ಹೊಡೆತ, ಇಲ್ಲವೇ ವಾಪಸು ಗೋಲ್‌ಕೀಪರ್‌ಗೆ. ಉದ್ದ ಹೊಡೆದರೆ ಅಲ್ಲಿ ಲಿವರ್‌ಪೂಲ್‌ನ ಸೆಂಟರ್ ಬ್ಯಾಕ್ ಕಾಯುತ್ತಿರುತ್ತಾನೆ. ಹಿಂದೆ ಕೊಟ್ಟರೆ ಕಾಯ್ಟ್ ಅಲ್ಲಿಗೂ ಓಟ ಮುಂದುವರಿಸುತ್ತಾನೆ. ಹತ್ತರಲ್ಲಿ ಎಂಟು ಸಲ ಏನೂ ಆಗುವುದಿಲ್ಲ. ಒಂಬತ್ತನೇ ಸಲ ಒಂದು ಥ್ರೋ ಇನ್ ಸಿಗುತ್ತದೆ. ಇಂಗ್ಲೆಂಡಿನ ಸ್ಟ್ಯಾಂಡುಗಳಲ್ಲಿ ಈ ಥ್ರೋ ಇನ್‌ಗೂ ಚಪ್ಪಾಳೆ ಬೀಳುತ್ತದೆ. ಹೊರಗಿನವರಿಗೆ ಇದು ಬೆರಗು, ಗೋಲೂ ಅಲ್ಲ, ಕಾರ್ನರ್ರೂ ಅಲ್ಲ, ಇದಕ್ಕೆಂಥ ಚಪ್ಪಾಳೆ ಎಂದು. ಆದರೆ ಎದುರಾಳಿಯ ಮೈದಾನದ ಆಳದಲ್ಲಿ ಚೆಂಡು ಮತ್ತೆ ನಮ್ಮ ಕೈಗೆ ಬಂದಿದೆ, ಅಷ್ಟರಲ್ಲಿ ಹಿಂದಿದ್ದ ನಮ್ಮ ಏಳೆಂಟು ಮಂದಿ ಇಪ್ಪತ್ತು ಗಜ ಮುಂದೆ ಬಂದಿದ್ದಾರೆ. ತಂಡಕ್ಕೆ ಉಸಿರು ಸಿಕ್ಕಿದೆ.

ಆಮೇಲೆ ಚೆಂಡು ಎಡಬದಿಗೆ ಹೋದಾಗ ಅವನ ಎರಡನೆಯ ಕೆಲಸ. ದೂರದ ಕಂಬದ ಹತ್ತಿರಕ್ಕೆ ಓಡಿ ಹೋಗುವುದು. ಸ್ಟ್ರೈಕರ್ ಆಗಿದ್ದ ಕಾಲದ ಅಭ್ಯಾಸ ಅದು. ಎಡದಿಂದ ಬಂದ ಕ್ರಾಸ್ ಟೊರೆಸ್‌ನನ್ನು ದಾಟಿದರೆ ಹಿಂದೆ ಕಾಯ್ಟ್ ಇರುತ್ತಿದ್ದ. ಅವನ ಗೋಲುಗಳಲ್ಲಿ ಎಷ್ಟೋ ಈ ದೂರದ ಕಂಬದವು. ನಿಜವಾದ ವಿಂಗರ್ ಆಗಿದ್ದರೆ ಆ ಹೊತ್ತಿಗೆ ಗೆರೆಯ ಪಕ್ಕದಲ್ಲೇ ನಿಂತು ಪಾಸಿಗೆ ಕೈ ಎತ್ತುತ್ತಿದ್ದ.

2008–09ರಲ್ಲಿ ಇದೆಲ್ಲ ಒಂದು ಹದಕ್ಕೆ ಬಂತು. ಆ ಸಲ ಲಿವರ್‌ಪೂಲ್ ಇಡೀ ಲೀಗ್‌ನಲ್ಲಿ ಸೋತದ್ದು ಎರಡೇ ಪಂದ್ಯ. 86 ಅಂಕ ಗಳಿಸಿ ಯುನೈಟೆಡ್‌ನ ಹಿಂದೆ ಎರಡನೇ ಸ್ಥಾನ. ಟೊರೆಸ್, ಜೆರಾರ್ಡ್ ಇಬ್ಬರೂ ಗಾಯದಿಂದ ಆಗಾಗ ಹೊರಗುಳಿದರು. ಕಾಯ್ಟ್ 38ಕ್ಕೆ 38 ಪಂದ್ಯದಲ್ಲೂ ಇದ್ದ, 12 ಗೋಲು ಹೊಡೆದ. ಆಗಸ್ಟ್‌ನಲ್ಲಿ ಬೆಲ್ಜಿಯಂನ ಸ್ಟ್ಯಾಂಡರ್ಡ್ ಲಿಯೇಜ್ ತಂಡ ಲಿವರ್‌ಪೂಲ್ ಅನ್ನು ಚಾಂಪಿಯನ್ಸ್ ಲೀಗ್‌ನಿಂದಲೇ ಹೊರದಬ್ಬುವ ಹಂತಕ್ಕೆ ತಂದಿತ್ತು, 118ನೇ ನಿಮಿಷದಲ್ಲಿ ಕಾಯ್ಟ್‌ನ ಗೋಲು ಉಳಿಸಿತು. ಅಕ್ಟೋಬರ್‌ನಲ್ಲಿ ಮ್ಯಾಂಚೆಸ್ಟರ್ ಸಿಟಿ ಮೈದಾನದಲ್ಲಿ 2–0 ಹಿಂದಿದ್ದ ಪಂದ್ಯವನ್ನು ಟೊರೆಸ್ ಎರಡು ಗೋಲು ಹೊಡೆದು ಸಮ ಮಾಡಿದ, ಹೆಚ್ಚುವರಿ ನಿಮಿಷಗಳಲ್ಲಿ ಕಾಯ್ಟ್ ಗೆಲ್ಲಿಸಿದ. ಎರಡು ವಾರ ಬಿಟ್ಟು ವಿಗನ್ ವಿರುದ್ಧ ಮತ್ತೆ ಅದೇ ಕಥೆ, 85ನೇ ನಿಮಿಷ, 3–2. ಆಟ ಮುಗಿಯುವ ಹೊತ್ತಿಗೆ ಗೋಲು ಹೊಡೆಯುವುದನ್ನು ಛಲ ಎಂದು ಹೊಗಳುವ ರೂಢಿಯಿದೆ. ನನಗಿದು ದೇಹದಾರ್ಢ್ಯದ ವಿಷಯ. ಎಲ್ಲರ ಕಾಲೂ ಭಾರವಾದ ಮೇಲೆ ಅವನದು ಮಾತ್ರ ಮೊದಲಿನಂತೆಯೇ ಆಡುತ್ತಿತ್ತು.

ಹೆಚ್ಚು ಓಡುವವನಿಗೆ ತಲೆ ಕಮ್ಮಿ ಎಂಬ ಒಂದು ಅಸಡ್ಡೆ ಕ್ರೀಡಾಲೋಕದಲ್ಲಿದೆ. ಶ್ರಮಜೀವಿ ಎಂದು ಹೊಗಳುವಾಗಲೂ ಅದರೊಳಗೆ ಪ್ರತಿಭೆ ಇಲ್ಲ, ಪಾಪ, ಎಂಬ ಧ್ವನಿ ಸೇರಿರುತ್ತದೆ. ಕಾಯ್ಟ್‌ನ ಅಭಿಮಾನಿಗಳೇ ಈ ತಪ್ಪು ಮಾಡಿದ್ದಾರೆ. ಅವನ ಪೆನಾಲ್ಟಿಗಳನ್ನು ನೋಡಿದರೆ ಈ ಮಾತು ಎಷ್ಟು ಅರ್ಧಂಬರ್ಧ ಎಂದು ತಿಳಿಯುತ್ತದೆ. ಪೆನಾಲ್ಟಿಯಲ್ಲಿ ಓಟವಿಲ್ಲ, ಬೆವರಿಲ್ಲ. ಹನ್ನೆರಡು ಗಜ, ಒಬ್ಬ ಗೋಲ್‌ಕೀಪರ್, ಗಟ್ಟಿ ಗುಂಡಿಗೆ, ಅಷ್ಟೇ.

2007ರ ಮೇ 1, ಚಾಂಪಿಯನ್ಸ್ ಲೀಗ್ ಸೆಮಿಫೈನಲ್, ಚೆಲ್ಸಿ ವಿರುದ್ಧ ಆನ್‌ಫೀಲ್ಡ್‌ನಲ್ಲಿ ಎರಡನೇ ಪಂದ್ಯ. ಡೇನಿಯಲ್ ಆಗ್ಗರ್ ಗೋಲಿನಿಂದ ಎರಡೂ ಪಂದ್ಯ ಸೇರಿ 1–1 ಆಗಿ, ಹೆಚ್ಚುವರಿ ಸಮಯವೂ ಕಳೆದು, ಆಟ ಶೂಟೌಟ್‌ಗೆ ಬಂತು. ನಮ್ಮಲ್ಲಿ ಆಗ ಬೆಳಗಿನ ಜಾವ ಮೂರರ ಹತ್ತಿರ. ಬೆನಿಟೆಸ್ ಮೈದಾನದ ಅಂಚಿನಲ್ಲಿ ಚಕ್ಕಳಮಕ್ಕಳ ಹಾಕಿ ಹುಲ್ಲಿನ ಮೇಲೆ ಕೂತುಬಿಟ್ಟ. ಹಿಂದೆ ಕೂತವರಿಗೆ ಕಾಣಲಿ ಎಂದು ಕೂತನೋ, ನಿಲ್ಲಲಾಗದೆ ಕೂತನೋ, ಆ ಚಿತ್ರವಂತೂ ಎಲ್ಲರ ತಲೆಯಲ್ಲಿ ಉಳಿಯಿತು. ಗೋಲ್‌ಕೀಪರ್ ಪೆಪೆ ರೀನಾ ಎರಡನ್ನು ತಡೆದ. ಝೆಂಡೆನ್, ಅಲೊನ್ಸೊ, ಜೆರಾರ್ಡ್ ಮೂವರೂ ಗುರಿ ಮುಟ್ಟಿಸಿದರು. ನಾಲ್ಕನೆಯವನಾಗಿ ಕಾಯ್ಟ್ ನಡೆದು ಬಂದ. ಇದು ಒಳಗೆ ಹೋದರೆ ಫೈನಲ್. ಎದುರಿಗೆ ಪೀಟರ್ ಚೆಕ್, ಆ ಕಾಲದ ಅತ್ಯುತ್ತಮ ಗೋಲ್‌ಕೀಪರ್‌ಗಳಲ್ಲೊಬ್ಬ. ಎರಡು ಗಂಟೆ ಓಡಿದ ಕಾಲುಗಳು. ಚೆಂಡು ಬಲೆಗೆ ಬಿತ್ತು.

ಅದೇ ವರ್ಷದ ಅಕ್ಟೋಬರ್‌ನಲ್ಲಿ ನೆರೆಯ ಎವರ್ಟನ್‌ನ ಗುಡಿಸನ್ ಪಾರ್ಕ್‌ನಲ್ಲಿ ಎರಡು ಪೆನಾಲ್ಟಿ, ಎರಡೂ ಗೋಲು, ಎರಡನೆಯದು ಹೆಚ್ಚುವರಿ ನಿಮಿಷದಲ್ಲಿ, ಲಿವರ್‌ಪೂಲ್ 2–1. (ಆ ಪಂದ್ಯದಲ್ಲಿ ಫಿಲ್ ನೆವಿಲ್ ಮೇಲೆ ಎರಡೂ ಕಾಲೆತ್ತಿ ಹಾರಿದ್ದಕ್ಕೆ ಅವನಿಗೆ ಕೆಂಪು ಕಾರ್ಡ್ ಸಿಗಬೇಕಿತ್ತು, ಹಳದಿಯಲ್ಲಿ ಬಚಾವಾದ. ಎವರ್ಟನ್‌ನವರು ಇದನ್ನು ಇನ್ನೂ ಮರೆತಿಲ್ಲ, ಅವರ ಸಿಟ್ಟು ನ್ಯಾಯವಾದದ್ದೇ.) 2011ರ ಏಪ್ರಿಲ್‌ನಲ್ಲಿ ಆರ್ಸೆನಲ್ ಮೈದಾನದಲ್ಲಿ 98ನೇ ನಿಮಿಷಕ್ಕೆ ವಾನ್ ಪೆರ್ಸಿ ಪೆನಾಲ್ಟಿಯಿಂದ ಗೋಲು ಹೊಡೆದು ಕುಣಿದ. 102ನೇ ನಿಮಿಷದಲ್ಲಿ ಲಿವರ್‌ಪೂಲ್‌ಗೂ ಒಂದು ಪೆನಾಲ್ಟಿ ಸಿಕ್ಕಿತು. ಹೊಡೆದವನು ಕಾಯ್ಟ್, ಪಂದ್ಯ 1–1. ತಪ್ಪಿದ್ದೂ ಇದೆ. ಅದೇ ವರ್ಷ ಅಕ್ಟೋಬರ್‌ನಲ್ಲಿ ಎವರ್ಟನ್‌ನ ಟಿಮ್ ಹೋವರ್ಡ್ ಅವನದೊಂದನ್ನು ತಡೆದ. ಆದರೂ ಮುಂದಿನ ಸಲ ಚೆಂಡು ಎತ್ತಿಕೊಂಡು ಹೋಗಲು ಹಿಂದೆಮುಂದೆ ನೋಡಲಿಲ್ಲ.

ಹಾಲೆಂಡಿನಲ್ಲೇ ಅವನಿಗೆ ಪೂರ್ತಿ ಮರ್ಯಾದೆ ಸಿಗಲು ತಡವಾಯಿತು. ಕ್ರೈಫ್, ವಾನ್ ಬಾಸ್ಟೆನ್, ಬರ್ಗ್‌ಕ್ಯಾಂಪ್ ಅಂಥವರನ್ನು ಕಂಡ ಕಣ್ಣುಗಳಿಗೆ ಕಾಯ್ಟ್ ಹಿಡಿಸುವುದು ಕಷ್ಟ. ಆದರೂ ದೇಶಕ್ಕೆ 104 ಪಂದ್ಯ ಆಡಿದ. 2010ರ ವಿಶ್ವಕಪ್‌ನಲ್ಲಿ ಹಾಲೆಂಡ್ ಫೈನಲ್ ತಲುಪಿದಾಗ ಎಲ್ಲರ ಬಾಯಲ್ಲಿದ್ದದ್ದು ಸ್ನೈಡರ್ ಮತ್ತು ರಾಬೆನ್ ಹೆಸರು. ಬ್ರೆಜಿಲ್ ತಂಡವನ್ನು ಮನೆಗೆ ಕಳಿಸಿದ ಗೋಲನ್ನು ಇನ್ನೊಮ್ಮೆ ನೋಡಿ. ರಾಬೆನ್‌ನ ಕಾರ್ನರ್, ಸ್ನೈಡರ್‌ನ ಹೆಡರ್ ಎಂದು ನೆನಪು. ನಡುವೆ ಹತ್ತಿರದ ಕಂಬದ ಬಳಿ ನುಗ್ಗಿ ತಲೆಯಿಂದ ಚೆಂಡನ್ನು ಹಿಂದಕ್ಕೆ ತಿರುಗಿಸಿದ ಒಬ್ಬನಿದ್ದಾನೆ. ಸೆಮಿಫೈನಲ್‌ನಲ್ಲಿ ಉರುಗ್ವೆ ವಿರುದ್ಧ ರಾಬೆನ್ ತಲೆಯಿಂದ ಹೊಡೆದ ಗೋಲಿಗೆ ಕ್ರಾಸ್ ಕೊಟ್ಟವನೂ ಅವನೇ. ಡೆನ್ಮಾರ್ಕ್ ವಿರುದ್ಧ ಅವನೇ ಹೊಡೆದ ಗೋಲು ಎಂಥದ್ದು ಎಂದು ಊಹಿಸುವುದು ಕಷ್ಟವಲ್ಲ: ಎಲಿಯಾ ಹೊಡೆದ ಚೆಂಡು ಕಂಬಕ್ಕೆ ಬಡಿದು ಬಂತು, ಕಾಯ್ಟ್ ಓಡಿ ಬಂದು ತಳ್ಳಿದ.

ನಾಲ್ಕು ವರ್ಷದ ನಂತರ ಬ್ರೆಜಿಲ್‌ನಲ್ಲಿ ಅವನಿಗೆ ಮೂವತ್ತನಾಲ್ಕು ತುಂಬುವುದರಲ್ಲಿತ್ತು. ಫೋರ್ಟಲೆಜಾದಲ್ಲಿ ಮೆಕ್ಸಿಕೊ ವಿರುದ್ಧದ ಪಂದ್ಯ ದೇಶಕ್ಕಾಗಿ ಅವನ ನೂರನೆಯದು. ನೀರು ಕುಡಿಯಲೆಂದೇ ಆಟ ನಿಲ್ಲಿಸಬೇಕಾದಂಥ ಬಿಸಿಲು. ಕೋಚ್ ಲೂಯಿ ವಾನ್ ಹಾಲ್ ಅವನನ್ನು ಎಡಬದಿಯ ರಕ್ಷಣೆಗೆ ಹಾಕಿದ, ಆಮೇಲೆ ಬಲಬದಿಗೆ ಕಳಿಸಿದ, ಕೊನೆಗೆ ಗೋಲು ಬೇಕಾದಾಗ ಮುಂದಕ್ಕೆ ಅಟ್ಟಿದ. ಒಂದೇ ಪಂದ್ಯ, ಮೂರು ಜಾಗ. 88ನೇ ನಿಮಿಷದವರೆಗೆ ಹಿಂದಿದ್ದ ಹಾಲೆಂಡ್ 2–1ರಿಂದ ಗೆದ್ದಿತು. ಹೆಸರಾಂತ ಸ್ಟ್ರೈಕರ್ ಒಬ್ಬನಿಗೆ ವಿಶ್ವಕಪ್ ನಾಕೌಟ್‌ನಲ್ಲಿ, ಅದೂ ನೂರನೇ ಪಂದ್ಯದಲ್ಲಿ, ನೀನು ಎಡ ಬ್ಯಾಕ್ ಆಡು ಎಂದು ಹೇಳಿ ನೋಡಿ.

ಲಿವರ್‌ಪೂಲ್‌ನಲ್ಲಿ ಆರು ವರ್ಷ ಆಡಿ ಅವನು ಗೆದ್ದ ಕಪ್ ಒಂದೇ, 2012ರ ಲೀಗ್ ಕಪ್. ವೆಂಬ್ಲಿಯಲ್ಲಿ ಕಾರ್ಡಿಫ್ ಸಿಟಿ ವಿರುದ್ಧ ಫೈನಲ್. ಆ ಋತುವಿನಲ್ಲಿ ಅವನ ಜಾಗ ಖಾತ್ರಿ ಇರಲಿಲ್ಲ, ಹೆಚ್ಚುವರಿ ಸಮಯದಲ್ಲಷ್ಟೇ ಬದಲಿ ಆಟಗಾರನಾಗಿ ಒಳಗೆ ಬಂದ. ಐದೇ ನಿಮಿಷದಲ್ಲಿ ಗೋಲು ಹೊಡೆದ. ಆಟ ಮುಗಿಯುವ ಹೊತ್ತಿಗೆ ಕಾರ್ಡಿಫ್‌ನವರು ಹೊಡೆದ ಚೆಂಡನ್ನು ತನ್ನದೇ ಗೋಲಿನ ಗೆರೆಯ ಮೇಲೆ ನಿಂತು ಹೊರಹಾಕಿದ. ಆದರೆ ಹಿಂದೆಯೇ ಬಂದ ಕಾರ್ನರ್‌ನಲ್ಲಿ ಕಾರ್ಡಿಫ್ ಸಮ ಮಾಡಿಕೊಂಡಿತು. ಶೂಟೌಟ್‌ನಲ್ಲಿ ಮೊದಲಿಬ್ಬರು, ಜೆರಾರ್ಡ್ ಮತ್ತು ಚಾರ್ಲಿ ಆಡಮ್, ಗುರಿ ತಪ್ಪಿದರು. ಮೂರನೆಯವನು ಕಾಯ್ಟ್. ಅವನೂ ತಪ್ಪಿಸಿದ್ದರೆ ಕಥೆ ಮುಗಿದಂತೆಯೇ ಇತ್ತು. ತಪ್ಪಿಸಲಿಲ್ಲ, ಲಿವರ್‌ಪೂಲ್ ಗೆದ್ದಿತು. ಸ್ಟ್ರೈಕರ್, ಡಿಫೆಂಡರ್, ಪೆನಾಲ್ಟಿ ಹೊಡೆಯುವವನು, ಬೆಂಚಿನಲ್ಲಿ ಕೂತು ಕಾಯುವವನು, ಎಲ್ಲ ಪಾತ್ರವನ್ನೂ ಸುಮಾರು ಮುಕ್ಕಾಲು ಗಂಟೆಯಲ್ಲಿ ಆಡಿ ಮುಗಿಸಿದ.

ಆ ಬೇಸಿಗೆಯಲ್ಲಿ ತುರ್ಕಿಯ ಫೆನರ್‌ಬಾಚೆಗೆ ಹೊರಟ, ಸುಮಾರು 10 ಲಕ್ಷ ಪೌಂಡ್‌ಗೆ. ಹಿಂದಿನ ವರ್ಷ ಟೊರೆಸ್ 5 ಕೋಟಿ ಪೌಂಡ್‌ಗೆ ಚೆಲ್ಸಿಗೆ ಹೋದಾಗ ಅವನ ಅಂಗಿಗಳಿಗೆ ಬೆಂಕಿ ಬಿದ್ದಿತ್ತು. ಕಾಯ್ಟ್ ಹೊರಟಾಗ ಯಾರೂ ಯಾವ ಅಂಗಿಗೂ ಬೆಂಕಿ ಹಚ್ಚಲಿಲ್ಲ. ಮುಂದೆ ಲಿವರ್‌ಪೂಲ್‌ನ ಹಳೆಯ ಆಟಗಾರರ ಪ್ರದರ್ಶನ ಪಂದ್ಯಗಳಿಗೆ ಅವನು ಆನ್‌ಫೀಲ್ಡ್‌ಗೆ ಬಂದಾಗಲೆಲ್ಲ ಸ್ಟ್ಯಾಂಡು ಎದ್ದು ಸ್ವಾಗತಿಸಿದೆ.

ಕಾಲವೂ ಕೊಂಚ ಅವನ ಕಡೆಗೆ ತಿರುಗಿತು. ಲಿವರ್‌ಪೂಲ್‌ಗೆ ಕೋಚ್ ಆಗಿ ಯೂರ್ಗನ್ ಕ್ಲಾಪ್ ಬಂದು, ರೊಬರ್ಟೊ ಫಿರ್ಮಿನೊ ಎಂಬ ಸ್ಟ್ರೈಕರ್ ಗೋಲು ಹೊಡೆಯುವುದಕ್ಕಿಂತ ಚೆಂಡು ಕಸಿಯುವುದಕ್ಕೆ ಹೆಸರಾಗಿ, ಎದುರಾಳಿಯನ್ನು ಅವನ ಮನೆಯಂಗಳದಲ್ಲೇ ಅಡ್ಡಗಟ್ಟುವುದು ದೊಡ್ಡ ವಿದ್ಯೆ ಎನಿಸಿಕೊಂಡಿತು. ಈಗ ಫಾರ್ವರ್ಡ್ ಒಬ್ಬ ಎಷ್ಟು ಸಲ ಎದುರಾಳಿಯ ಮೇಲೆ ಒತ್ತಡ ಹೇರಿದ, ಎಲ್ಲಿ ಚೆಂಡು ಕಿತ್ತುಕೊಂಡ ಎಂಬುದಕ್ಕೆಲ್ಲ ಲೆಕ್ಕ ಇಡುತ್ತಾರೆ, ಅದಕ್ಕೆ ತಕ್ಕ ಸಂಬಳವನ್ನೂ ಕೊಡುತ್ತಾರೆ. ಕಾಪ್‌ನಲ್ಲಿ ಕೂತವರು ಬರಿಗಣ್ಣಿನಲ್ಲಿ ಇಟ್ಟಿದ್ದ ಲೆಕ್ಕವನ್ನು ಕಂಪ್ಯೂಟರ್ ತಡವಾಗಿ ಒಪ್ಪಿಕೊಂಡಿತು. ಫಿರ್ಮಿನೊಗೆ ಕಾಲ್ಚಳಕವೂ ಇತ್ತು ಎಂಬುದು ನಿಜ, ಇಬ್ಬರನ್ನೂ ಒಂದೇ ತಕ್ಕಡಿಯಲ್ಲಿ ತೂಗಲಾರೆ.

ಕಾಯ್ಟ್ 2015ರಲ್ಲಿ ಫೆಯನೂರ್ಡ್‌ಗೆ ಮರಳಿದ. ಆ ಕ್ಲಬ್ಬು ಲೀಗ್ ಗೆದ್ದು 1999ಕ್ಕೇ ನಿಂತುಹೋಗಿತ್ತು. 2017ರ ಮೇ ತಿಂಗಳಲ್ಲಿ ಇನ್ನೊಂದು ಗೆಲುವು ಸಾಕು ಎಂಬಲ್ಲಿಗೆ ಬಂದಾಗ ಕೋಚ್ ವಾನ್ ಬ್ರಾಂಕ್‌ಹೋರ್ಸ್ಟ್, ಎಕ್ಸೆಲ್ಸಿಯರ್ ವಿರುದ್ಧದ ಪಂದ್ಯದಲ್ಲಿ ಮೂವತ್ತಾರರ ಕಾಯ್ಟ್‌ನನ್ನು ಬೆಂಚಿನಲ್ಲಿ ಕೂರಿಸಿದ. ಫೆಯನೂರ್ಡ್ 3–0ಯಿಂದ ಸೋತಿತು. ಒಂದು ವಾರ ಬಿಟ್ಟು, ಮೇ 14ರಂದು, ಹೆರಾಕ್ಲೆಸ್ ವಿರುದ್ಧ ಕೊನೆಯ ಪಂದ್ಯ. ಈ ಸಲ ನಾಯಕನಾಗಿ ಇಳಿದ ಕಾಯ್ಟ್ ಮೊದಲ ನಿಮಿಷ ಮುಗಿಯುವ ಮೊದಲೇ ಗೋಲು ಹೊಡೆದ. ಆಮೇಲೆ ಇನ್ನೊಂದು. ಮೂರನೆಯದು ಪೆನಾಲ್ಟಿ. 3–1, ಹದಿನೆಂಟು ವರ್ಷಗಳ ನಂತರ ಪ್ರಶಸ್ತಿ. ಮೂರು ದಿನ ಬಿಟ್ಟು ನಿವೃತ್ತಿ ಘೋಷಿಸಿದ.

ಮರುವರ್ಷ ಕಾಟ್‌ವೈಕ್‌ನ ಹಳೆಯ ಕ್ಲಬ್ಬು ಕ್ವಿಕ್ ಬಾಯ್ಸ್‌ನಲ್ಲಿ ಅವನು ತರಬೇತಿಯ ಕೆಲಸಕ್ಕೆ ಕೈ ಹಾಕಿದ್ದ. ಗಾಯದಿಂದಾಗಿ ತಂಡಕ್ಕೆ ಫಾರ್ವರ್ಡ್‌ಗಳು ಸಾಲದಾದರು. ಫೆಯನೂರ್ಡ್‌ಗೆ ಪ್ರಶಸ್ತಿ ತಂದುಕೊಟ್ಟ ನಾಯಕ, ವಿಶ್ವಕಪ್ ಫೈನಲ್ ಆಡಿದವನು, ಮೂವತ್ತೇಳನೇ ವಯಸ್ಸಿನಲ್ಲಿ ಮತ್ತೆ ಬೂಟು ಕಟ್ಟಿಕೊಂಡು ಹವ್ಯಾಸಿ ಲೀಗ್‌ನಲ್ಲಿ ಆಡಲು ಇಳಿದ.